ಗಾಳಿಯನ್ನು ಗೊಬ್ಬರ ಮಾಡಿದವನು

ರಸಗೊಬ್ಬರದ ಕಾರ್ಖಾನೆಯಲ್ಲಾಗಲಿ, ಪೆಟ್ರೋಲಿಯಂ ರಾಸಾಯನಿಕಗಳ ಕಾರ್ಖಾನೆಯಲ್ಲಾಗಲಿ ಹಣ ಹೂಡಬೇಕೆನ್ನುವವನು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಹೆಚ್ಚೇನೂ ಇಲ್ಲ. ಕಚ್ಚಾ ಪದಾರ್ಥವಾದ ಕಲ್ಲಿದ್ದಲು, ಎಣ್ಣೆ, ಅನಿಲಗಳ ಬೆಲೆ ಮುಂದೆ ಏರುವುದೋ ಇಳಿಯುವುದೋ? ತಯಾರಾದ ಸರಕನ್ನು ಕೊಳ್ಳುವವರು ಯಾರು? ಕೊಳ್ಳುವವರಿಲ್ಲದ ದಿನ, ಕೋಟಿಗಟ್ಟಲೆ ಹಣವನ್ನು ನುಂಗಿ ನಿಂತಿರುವ ಆ ಯಂತ್ರಗಳ ಗತಿಯೇನು? ಷೇರುಪೇಟೆಯ ಪಂಡಿತರು ಪುಟಗಟ್ಟಲೆ ಬರೆಯುವ ಭವಿಷ್ಯವೆಲ್ಲವೂ ಕೊನೆಗೆ ಈ ಮೂರು ಪ್ರಶ್ನೆಗಳ ಸುತ್ತಲೇ ತಿರುಗುತ್ತದೆ. ಈ ಮೂರೂ ಒಬ್ಬನೇ ಮನುಷ್ಯನ ಬಾಳಿನಲ್ಲಿ ಒಂದರ ಹಿಂದೊಂದು ಬಂದು ನಿಂತುದುಂಟು. ಆತನು ಜರ್ಮನಿಯ ಕಾರ್ಲ್ ಬಾಷ್.

ನಮ್ಮ ಕಾಲೇಜುಗಳ ಪಠ್ಯಪುಸ್ತಕಗಳಲ್ಲಿ ಬಾಷನ ಹೆಸರು ಹೇಬರನ ಹೆಸರಿಗೆ ಅಂಟಿಕೊಂಡ ಬಾಲದಂತೆ ಬರುತ್ತದೆ. ಒಂದು ಪಾಲು ಸಾರಜನಕ, ಮೂರು ಪಾಲು ಜಲಜನಕ, ಸೇರಿದರೆ ಎರಡು ಪಾಲು ಅಮೋನಿಯ: ಈ ಸಮೀಕರಣವನ್ನು ನಾನು ಎಷ್ಟೋ ವರ್ಷ ಕರಿಹಲಗೆಯ ಮೇಲೆ ಬರೆದಿದ್ದೇನೆ, ವಿದ್ಯಾರ್ಥಿಗಳು ಬರೆದುಕೊಂಡಿದ್ದಾರೆ. ಆದರೆ ಸಮೀಕರಣವೊಂದು ಕಾರ್ಖಾನೆಯಾಗುವುದಕ್ಕೆ ಎಂಥ ಉಕ್ಕು ಬೇಕು, ಎಷ್ಟು ಹಣ ಬೇಕು, ಆ ಹಣವು ತನ್ನನ್ನು ತಂದವನ ಕೊರಳಿಗೆ ಹೇಗೆ ಸುತ್ತಿಕೊಳ್ಳುತ್ತದೆ ಎಂಬುದು ಪಠ್ಯದಲ್ಲಿಲ್ಲ. ಅದು ಬಾಷನ ಚರಿತ್ರೆಯಲ್ಲಿದೆ. ಆ ಚರಿತ್ರೆಯನ್ನು ಓದಿದಾಗಲೆಲ್ಲ ನನಗೆ ಮೆಚ್ಚುಗೆ, ಮರುಕ ಎರಡೂ ಉಂಟಾಗಿವೆ.

ಕಾರ್ಲ್ ಬಾಷ್ ಹುಟ್ಟಿದುದು ರೈನ್ ನದಿಯ ದಂಡೆಯ ಕೊಲೋನ್ ನಗರದಲ್ಲಿ, ೧೮೭೪ರ ಆಗಸ್ಟ್ ೨೭ರಂದು. ತಂದೆಗೆ ಅನಿಲದ ಮತ್ತು ನೀರಿನ ಕೊಳವೆ ಸಾಮಾನುಗಳ ವ್ಯಾಪಾರವಿತ್ತು. ಅದಕ್ಕೆ ಹೊಂದಿದ ಕಮ್ಮಟವೂ ಇತ್ತು. ಮಗನು ಬೆಸುಗೆ ಹಾಕುವುದನ್ನೂ ಕೊಳವೆ ಜೋಡಿಸುವುದನ್ನೂ ಅಲ್ಲಿಯೇ ಕಲಿತನು. ಇಂದು ನಮ್ಮ ಬೆಂಗಳೂರಿನವರೆಲ್ಲರಿಗೂ ಪರಿಚಿತವಾದ ಬಾಷ್ ಎಂಬ ವ್ಯಾಪಾರಮುದ್ರೆಯ ಮೂಲಪುರುಷ ರಾಬರ್ಟ್ ಬಾಷ್ ಈತನ ಚಿಕ್ಕಪ್ಪ. ಬಾಷನು ಶಾಲೆ ಮುಗಿಸಿ, ಲೋಹದ ಕಾರ್ಖಾನೆಯೊಂದರಲ್ಲಿ ಕೈಕೆಲಸ ಮಾಡಿ, ಬರ್ಲಿನ್ನಿನ ಷಾರ್ಲೊಟನ್‌ಬುರ್ಗಿನಲ್ಲಿ ಲೋಹಶಾಸ್ತ್ರವನ್ನೂ ಯಂತ್ರಶಾಸ್ತ್ರವನ್ನೂ ಓದಿ, ಆಮೇಲೆ ಲೈಪ್ಸಿಗ್ ವಿಶ್ವವಿದ್ಯಾನಿಲಯದಲ್ಲಿ ರಸಾಯನಶಾಸ್ತ್ರದ ಕಡೆಗೆ ತಿರುಗಿದನು. ೧೮೯೮ರಲ್ಲಿ ಡಾಕ್ಟರ್ ಪದವಿ ಬಂದಿತು. ರಸಾಯನ ಬಲ್ಲವನಿಗೆ ಕಬ್ಬಿಣ ತಿಳಿಯದು, ಕಬ್ಬಿಣ ಬಲ್ಲವನಿಗೆ ರಸಾಯನ ತಿಳಿಯದು ಎಂಬ ಆ ಕಾಲದಲ್ಲಿ ಇವನಿಗೆ ಎರಡೂ ತಿಳಿದಿದ್ದುವು. ಆತನ ಮುಂದಿನ ಭಾಗ್ಯಕ್ಕೆ ಇದೇ ಬೀಜ.

೧೮೯೯ರಲ್ಲಿ ಆತನು ಲೂಡ್ವಿಗ್ಸ್‌ಹಾಫೆನ್ನಿನ ಬಾಡಿಷ್ ಆನಿಲಿನ್ ಮತ್ತು ಸೋಡಾ ಕಂಪನಿಯನ್ನು, ಎಂದರೆ ಇಂದಿಗೂ ಬಿ.ಎ.ಎಸ್.ಎಫ್. ಎಂಬ ಹೆಸರಿನಿಂದ ಪ್ರಸಿದ್ಧವಾಗಿರುವ ಸಂಸ್ಥೆಯನ್ನು, ಸೇರಿದನು. ಬಣ್ಣಗಳ ತಯಾರಿಕೆ ಆ ಕಂಪನಿಯ ಮುಖ್ಯ ವೃತ್ತಿ. ಕೃತಕ ನೀಲಿಯನ್ನು ಮಾಡುವುದಕ್ಕಾಗಿ ಅದು ಹದಿನೇಳು ವರ್ಷ ಕಾದು, ಸುಮಾರು ೧೮೦ ಲಕ್ಷ ಮಾರ್ಕುಗಳನ್ನು ಸುರಿದು, ೧೮೯೭ರಲ್ಲಿ ಸರಕನ್ನು ಮಾರುಕಟ್ಟೆಗೆ ತಂದಿತ್ತು. ನಮ್ಮ ಬಿಹಾರದ ನೀಲಿಯ ಬೆಳೆ ಆ ಪೆಟ್ಟಿನಿಂದ ಮತ್ತೆ ಮೇಲೇಳಲಿಲ್ಲ. ತಾಳ್ಮೆಯಿಂದ ಹೂಡಿದ ಹಣ ನೂರ್ಮಡಿಯಾಗಿ ಮರಳುವುದೆಂಬ ನಂಬಿಕೆ ಆ ನಿರ್ದೇಶಕರ ಮನಸ್ಸಿನಲ್ಲಿ ಆಗ ಬೇರೂರಿತ್ತು. ಬಾಷ್ ಕಾಲಿಟ್ಟುದು ಅಂಥ ಮನೆಗೆ.

ಆ ದಶಕದಲ್ಲಿ ಯೂರೋಪಿನ ವಿಚಾರವಂತರನ್ನು ಕಾಡುತ್ತಿದ್ದ ಒಂದು ಭಯವುಂಟು. ೧೮೯೮ರಲ್ಲಿ ಇಂಗ್ಲೆಂಡಿನ ವಿಲಿಯಂ ಕ್ರುಕ್ಸ್, ಬ್ರಿಸ್ಟಲಿನಲ್ಲಿ ಕೂಡಿದ್ದ ವಿಜ್ಞಾನಿಗಳ ಸಭೆಗೆ ಅಧ್ಯಕ್ಷನಾಗಿ, ಗೋಧಿ ತಿನ್ನುವ ಜನಗಳಿಗೆ ಕೆಲವೇ ದಶಕಗಳಲ್ಲಿ ಅನ್ನದ ಕೊರತೆ ಬರುವುದೆಂದು ಎಚ್ಚರಿಸಿದ್ದನು. ಭೂಮಿಗೆ ಸಾರಜನಕ ಬೇಕು. ಅದು ದೊರೆಯುತ್ತಿದ್ದುದು ಮುಖ್ಯವಾಗಿ ದಕ್ಷಿಣ ಅಮೆರಿಕದ ಚಿಲಿ ದೇಶದ ಮರುಭೂಮಿಯ ಪೆಟ್ಲುಪ್ಪಿನಿಂದ. ಆ ಗಣಿ ಬರಿದಾದರೆ? ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲು ಸಾರಜನಕವೇ ಇದ್ದರೂ, ಅದನ್ನು ಹಿಡಿದು ಗಿಡಕ್ಕೆ ಉಣ್ಣಿಸುವ ಉಪಾಯ ರಸಾಯನಶಾಸ್ತ್ರಕ್ಕೆ ಗೊತ್ತಿರಲಿಲ್ಲ.

೧೯೦೦ರಲ್ಲಿ ಆ ಉಪಾಯ ತನಗೆ ಸಿಕ್ಕಿತೆಂದು ವಿಖ್ಯಾತ ವಿಜ್ಞಾನಿ ಓಸ್ಟ್‌ವಾಲ್ಡ್ ಕಂಪನಿಗೆ ಬರೆದನು. ಪರೀಕ್ಷಿಸುವ ಕೆಲಸ ಇಪ್ಪತ್ತೈದರ ಹರೆಯದ ಬಾಷನ ಪಾಲಿಗೆ ಬಂದಿತು. ಆ ಪ್ರಯೋಗದಲ್ಲಿ ಕಂಡ ಅಮೋನಿಯ ಗಾಳಿಯಿಂದ ಬಂದುದಲ್ಲ, ಬಳಸಿದ ಕಬ್ಬಿಣದಲ್ಲಿ ಮೊದಲೇ ಸೇರಿಕೊಂಡಿದ್ದ ಸಾರಜನಕದಿಂದ ಬಂದುದು ಎಂದು ಆತನು ತೋರಿಸಿದನು. ಹೊಸಬನೊಬ್ಬನ ಮಾತಿಗೆ ತನ್ನನ್ನು ಒಪ್ಪಿಸಿದರೆಂದು ಓಸ್ಟ್‌ವಾಲ್ಡ್ ಮೊದಲು ಕೆರಳಿದರೂ ಕೊನೆಗೆ ತನ್ನ ಹಕ್ಕನ್ನು ಹಿಂದೆಗೆದುಕೊಂಡನು. ದೊಡ್ಡವರ ಹೆಸರಿಗೆ ಬೆದರದೆ ಲೆಕ್ಕ ನೋಡುವ ಈ ಗುಣವು ಬಾಷನಲ್ಲಿ ಕೊನೆಯವರೆಗೂ ಉಳಿಯಿತು. ಅದನ್ನು ಎಲ್ಲಿ ಬಳಸಿದನು, ಎಲ್ಲಿ ಬಿಟ್ಟನು ಎಂಬುದನ್ನು ಮುಂದೆ ನೋಡೋಣ.

೧೯೦೯ರಲ್ಲಿ ಕಾರ್ಲ್ಸ್‌ರೂಹೆಯ ಪ್ರಾಧ್ಯಾಪಕ ಫ್ರಿಟ್ಸ್ ಹೇಬರ್ ನಿಜವಾಗಿಯೂ ಅಮೋನಿಯವನ್ನು ಮಾಡಿದನು. ಆದರೆ ಅದಕ್ಕೆ ಐನೂರು ಡಿಗ್ರಿಗೂ ಮೀರಿದ ಶಾಖ, ನಮ್ಮ ಸುತ್ತಣ ಗಾಳಿಯ ಒತ್ತಡದ ಸುಮಾರು ಇನ್ನೂರರಷ್ಟು ಒತ್ತಡ, ಆಸ್ಮಿಯಂ ಎಂಬ ಅತಿ ವಿರಳ ಲೋಹದ ಕ್ರಿಯಾವರ್ಧಕ, ಇವು ಬೇಕಾಗಿದ್ದುವು. ಕಂಪನಿಯ ಪ್ರಯೋಗಶಾಲೆಗಳ ಹಿರಿಯನು ನೂರು ವಾಯುಮಾನದ ಒತ್ತಡವೆಂದೊಡನೆ ಹೌಹಾರಿದನು; ಅದಕ್ಕೂ ಕೆಲವು ದಿನ ಮುಂಚೆ ಏಳು ವಾಯುಮಾನದ ಪಾತ್ರೆಯೊಂದೇ ಅವರಲ್ಲಿ ಸಿಡಿದಿತ್ತಂತೆ. ಬಾಷನು ಮಾತ್ರ ಉಕ್ಕಿನ ಸಾಮರ್ಥ್ಯವನ್ನು ತಾನು ಬಲ್ಲೆನೆಂದೂ, ಈ ಸಾಹಸವನ್ನು ಕೈಗೊಳ್ಳಬಹುದೆಂದೂ ಸಲಹೆಯಿತ್ತನು. ಆ ಸಲಹೆಯ ಮೇಲೆ ಕಂಪನಿ ತನ್ನ ಹಣವನ್ನು ಒಡ್ಡಿತು.

ಮುಂದಿನ ನಾಲ್ಕು ವರ್ಷಗಳು ಬಾಷನ ಬಾಳಿನ ಶ್ರೇಷ್ಠ ವರ್ಷಗಳೆಂದು ನನ್ನ ಭಾವನೆ. ಆಸ್ಮಿಯಮ್ಮಿಗೆ ಬದಲಾಗಿ ಅಗ್ಗದ ಕ್ರಿಯಾವರ್ಧಕ ಬೇಕಾಗಿತ್ತು. ಆಲ್ವಿನ್ ಮಿಟಾಷ್ ಎಂಬ ಸಹೋದ್ಯೋಗಿ ಸಾವಿರಾರು ಪದಾರ್ಥಗಳನ್ನು ಒಂದೊಂದಾಗಿ ಪರೀಕ್ಷಿಸಿದನು. ಆ ಪರೀಕ್ಷೆಗಳ ಒಟ್ಟು ಸಂಖ್ಯೆ ಕೊನೆಗೆ ಇಪ್ಪತ್ತು ಸಾವಿರದ ಹತ್ತಿರ ಹೋಯಿತು. ಸ್ವೀಡನ್ನಿನ ಗಣಿಯೊಂದರ ಕಬ್ಬಿಣದ ಅದಿರು ಸೊಗಸಾಗಿ ಕೆಲಸ ಮಾಡುವುದು ಕಂಡಿತು. ಅದರಲ್ಲಿ ಬೆರೆತಿದ್ದ ಕಲ್ಮಷಗಳೇ ಅದರ ಗುಣಕ್ಕೆ ಕಾರಣವೆಂದು ತಿಳಿದು, ಶುದ್ಧ ಕಬ್ಬಿಣಕ್ಕೆ ಅಲ್ಯೂಮಿನಿಯಂ ಮೊದಲಾದವುಗಳ ಆಕ್ಸೈಡುಗಳನ್ನು ಬೇಕೆಂದೇ ಬೆರೆಸಿದರು. ಇಂದಿಗೂ ಜಗತ್ತಿನ ಬಹುಪಾಲು ಅಮೋನಿಯ ಸಿದ್ಧವಾಗುವುದು ಆ ಬಗೆಯ ಕಬ್ಬಿಣದ ಮೇಲೆಯೇ.

ಅದಕ್ಕಿಂತ ಕಠಿಣವಾದ ತೊಡಕು ಪಾತ್ರೆಯದು. ದಪ್ಪ ಉಕ್ಕಿನ ಕೊಳವೆಗಳನ್ನು ಮಾಡಿಸಿ ಅನಿಲವನ್ನು ತುಂಬಿದರೆ ಎಂಬತ್ತು ಗಂಟೆಯ ಸುಮಾರಿಗೆ ಅವು ಸಿಡಿದುಹೋಗುತ್ತಿದ್ದುವು. ಸಿಡಿದ ತುಂಡುಗಳನ್ನು ಉಜ್ಜಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಾಗ ಬಾಷನಿಗೆ ಕಾರಣ ತಿಳಿಯಿತು. ಉಕ್ಕಿಗೆ ಬಲ ಬರುವುದು ಅದರಲ್ಲಿರುವ ಇಂಗಾಲದಿಂದ. ಕಾದ ಜಲಜನಕವು ಉಕ್ಕಿನೊಳಕ್ಕೆ ಇಳಿದು, ಆ ಇಂಗಾಲವನ್ನೇ ಕದ್ದು, ಅದನ್ನು ಪೆಡಸು ಮಾಡುತ್ತಿತ್ತು. ಎಂಥ ಉಕ್ಕನ್ನು ತಂದರೂ ಜಲಜನಕ ಬಿಡುವಂತಿರಲಿಲ್ಲ. ಆಗ ಆತನಿಗೆ ಹೊಳೆದ ಉಪಾಯ ಬಹು ಸರಳವಾದದ್ದು. ಒಳಗಡೆ ಇಂಗಾಲವೇ ಇಲ್ಲದ ಮೆದು ಕಬ್ಬಿಣದ ತೆಳು ಕೊಳವೆ. ಹೊರಗಡೆ ಒತ್ತಡವನ್ನು ತಾಳುವ ಉಕ್ಕಿನ ಕವಚ. ಒಳಗಿನ ಕೊಳವೆಯಿಂದ ಜಿನುಗುವ ಅಲ್ಪಸ್ವಲ್ಪ ಜಲಜನಕ ಹೊರಗೆ ಹೋಗಿಬಿಡುವಂತೆ ಆ ಕವಚದಲ್ಲಿ ಸಣ್ಣ ಸಣ್ಣ ತೂತುಗಳು. ಶತ್ರುವನ್ನು ತಡೆಯುವ ಬದಲು ಅವನಿಗೆ ದಾರಿ ಬಿಟ್ಟುಕೊಟ್ಟಂತಾಯಿತು. ಕೊಳವೆಯಂಗಡಿಯ ಹುಡುಗನ ಬುದ್ಧಿ ಪ್ರಾಧ್ಯಾಪಕರಿಗೆ ಎಟುಕದ ಕಡೆ ಎಟುಕಿತು.

೧೯೧೩ರ ಸೆಪ್ಟೆಂಬರಿನಲ್ಲಿ ಲೂಡ್ವಿಗ್ಸ್‌ಹಾಫೆನ್ನಿನ ಪಕ್ಕದ ಒಪ್ಪಾವಿನಲ್ಲಿ ಮೊದಲ ಕಾರ್ಖಾನೆ ಕೆಲಸ ಆರಂಭಿಸಿತು. ವರ್ಷಕ್ಕೆ ಸುಮಾರು ೩೬ ಸಾವಿರ ಟನ್ ಅಮೋನಿಯಂ ಸಲ್ಫೇಟನ್ನು ಕೊಡಬಲ್ಲ ಶಕ್ತಿ ಅದಕ್ಕಿತ್ತು. ಗಾಳಿಗೆ ಬೆಲೆಯಿಲ್ಲ, ಆದ್ದರಿಂದ ಸಾರಜನಕ ಹೆಚ್ಚುಕಡಿಮೆ ಪುಕ್ಕಟೆ. ವೆಚ್ಚವೆಲ್ಲ ಜಲಜನಕದ್ದು, ಅದು ಬರುತ್ತಿದ್ದುದು ಕಲ್ಲಿದ್ದಲು ಮತ್ತು ನೀರಾವಿಯಿಂದ. ಅಮೋನಿಯದ ಬೆಲೆಯೆಂದರೆ ಬಹುಮಟ್ಟಿಗೆ ಜಲಜನಕದ ಬೆಲೆ. ಈ ಸೂತ್ರವನ್ನು ಓದುಗರು ನೆನಪಿನಲ್ಲಿಡಬೇಕು. ಇಂದು ಕಲ್ಲಿದ್ದಲಿನ ಸ್ಥಾನಕ್ಕೆ ನೈಸರ್ಗಿಕ ಅನಿಲ ಬಂದಿದ್ದರೂ ಸೂತ್ರ ಬದಲಾಗಿಲ್ಲ.

ಮೊದಲ ಗಿರಾಕಿ ರೈತನೆಂದು ಎಣಿಸಿದ್ದರು. ಒಂದೇ ವರ್ಷದಲ್ಲಿ ಬೇರೊಬ್ಬ ಗಿರಾಕಿ ಬಂದನು. ೧೯೧೪ರ ಯುದ್ಧದಲ್ಲಿ ಬ್ರಿಟಿಷ್ ನೌಕಾಪಡೆ ಸಮುದ್ರವನ್ನು ಕಟ್ಟಿಹಾಕಿದುದರಿಂದ ಚಿಲಿಯ ಪೆಟ್ಲುಪ್ಪು ಜರ್ಮನಿಗೆ ಬಾರದಾಯಿತು. ಗೊಬ್ಬರಕ್ಕೆ ಬೇಕಾದ ಸಾರಜನಕವೇ ಮದ್ದುಗುಂಡಿಗೂ ಬೇಕು. ಕೆಲವೇ ತಿಂಗಳಲ್ಲಿ ಸೈನ್ಯದ ಉಗ್ರಾಣಗಳು ಬರಿದಾಗುವ ಲಕ್ಷಣ ಕಂಡಿತು. ಅಮೋನಿಯವನ್ನು ನೈಟ್ರೇಟಾಗಿ ಮಾರ್ಪಡಿಸಿ ಬೇಕಾದಷ್ಟನ್ನು ಕೊಡುವೆವೆಂದು ಬಾಷ್ ಸರ್ಕಾರಕ್ಕೆ ಮಾತು ಕೊಟ್ಟನು. ೧೯೧೫ರ ಮೇ ತಿಂಗಳಲ್ಲಿ ಆ ಮಾತನ್ನು ಉಳಿಸಿಕೊಂಡನು. ಫ್ರೆಂಚ್ ವಿಮಾನಗಳಿಗೆ ಒಪ್ಪಾವ್ ಎಟುಕುತ್ತಿತ್ತಾದ ಕಾರಣ, ಸರ್ಕಾರದ ಸಾಲದಿಂದ ದೇಶದ ಒಳನಾಡಿನ ಲಾಯ್ನದಲ್ಲಿ ಇನ್ನೂ ದೊಡ್ಡ ಕಾರ್ಖಾನೆ ಎದ್ದಿತು. ೧೯೧೬ರಲ್ಲಿ ಬುನಾದಿ, ೧೯೧೭ರ ಏಪ್ರಿಲಿನಲ್ಲಿ ಅಮೋನಿಯ. ಈ ಸರಕಿಲ್ಲದಿದ್ದರೆ ಯುದ್ಧ ಬಹು ಬೇಗ ಮುಗಿಯುತ್ತಿತ್ತೆಂದು ಚರಿತ್ರಕಾರರು ಹೇಳುತ್ತಾರೆ. ಹೊಲಕ್ಕೆಂದು ಮಾಡಿದ ವಿದ್ಯೆ ರಣರಂಗಕ್ಕೆ ಹೋಯಿತು. ಕಂಪನಿಗೆ ಮಾತ್ರ ಒಂದು ಪಾಠ ದೊರೆಯಿತು: ಸರ್ಕಾರದಂಥ ಗಿರಾಕಿ ಬೇರೆ ಇಲ್ಲ, ಅವನು ಚೌಕಾಸಿ ಮಾಡುವುದಿಲ್ಲ, ಬಂಡವಾಳವನ್ನೂ ತಾನೇ ತರುತ್ತಾನೆ.

ಸೋತ ಜರ್ಮನಿಯ ನಿಯೋಗದಲ್ಲಿ ಬಾಷನೂ ೧೯೧೯ರಲ್ಲಿ ವರ್ಸೇಲ್ಸಿಗೆ ಹೋದನು. ಮದ್ದುಗುಂಡಿನ ಮೂಲವೆಂದು ಒಪ್ಪಾವ್ ಮತ್ತು ಲಾಯ್ನಗಳನ್ನು ಕೆಡವಿಸುವುದು ಗೆದ್ದವರ ಯೋಚನೆಯಾಗಿತ್ತು. ಮುಳ್ಳುತಂತಿಯ ಕಾವಲಿನಲ್ಲಿದ್ದ ಬಾಷ್ ಒಂದು ರಾತ್ರಿ ಗೋಡೆ ಹಾರಿ ಹೋಗಿ ಫ್ರೆಂಚ್ ಅಧಿಕಾರಿಯೊಬ್ಬನನ್ನು ಕಂಡನೆಂದು ಆತನ ಜೀವನಚರಿತ್ರೆಗಳು ಹೇಳುತ್ತವೆ. ಫ್ರಾನ್ಸಿಗೆ ಅಮೋನಿಯದ ವಿದ್ಯೆಯನ್ನು ಕೊಡುವುದು, ಅದಕ್ಕೆ ಪ್ರತಿಯಾಗಿ ಕಾರ್ಖಾನೆಗಳನ್ನು ಉಳಿಸಿಕೊಳ್ಳುವುದು: ಹೀಗೆ ಒಪ್ಪಂದವಾಯಿತು. ಆ ವಿದ್ಯೆಯಿಂದ ಫ್ರೆಂಚ್ ಸರ್ಕಾರ ತುಲೂಸಿನಲ್ಲಿ ಕಾರ್ಖಾನೆ ಕಟ್ಟಿತು.

ಉಳಿಸಿಕೊಂಡ ಒಪ್ಪಾವ್ ಎರಡೇ ವರ್ಷದಲ್ಲಿ ಮಣ್ಣುಗೂಡಿತು. ಅಲ್ಲಿನ ಉಗ್ರಾಣವೊಂದರಲ್ಲಿ ಸುಮಾರು ೪,೫೦೦ ಟನ್ ಗೊಬ್ಬರ, ಅಮೋನಿಯಂ ಸಲ್ಫೇಟು ಮತ್ತು ನೈಟ್ರೇಟುಗಳ ಮಿಶ್ರಣ, ಗಟ್ಟಿಕಟ್ಟಿ ಬಂಡೆಯಾಗಿತ್ತು. ಅದನ್ನು ಸಡಿಲಿಸಲು ಸಣ್ಣ ಸಿಡಿಮದ್ದು ಇಡುವುದು ವಾಡಿಕೆ. ಸಾವಿರಾರು ಸಲ ಹಾಗೆ ಮಾಡಿದ್ದರು. ೧೯೨೧ರ ಸೆಪ್ಟೆಂಬರ್ ೨೧ರ ಬೆಳಿಗ್ಗೆ ಆ ಗೊಬ್ಬರವೇ ಸಿಡಿಯಿತು. ಐನೂರಕ್ಕೂ ಹೆಚ್ಚು ಜನ ಸತ್ತರು. ಊರಿನ ಮನೆಗಳಲ್ಲಿ ಬಹುಪಾಲು ನೆಲಸಮವಾದುವು. ಸತ್ತವರ ಸಾಮೂಹಿಕ ಸಂಸ್ಕಾರದಲ್ಲಿ ಬಾಷ್ ಮಾತನಾಡಿದನು. ಜನರ ಹಸಿವನ್ನು ನೀಗಲೆಂದು ಮಾಡಿದ ಪದಾರ್ಥವೇ ಈ ಕ್ರೂರ ಶಕ್ತಿಯಾದುದರ ರಹಸ್ಯ ತಮಗಾರಿಗೂ ತಿಳಿಯದೆಂಬುದು ಆ ಮಾತಿನ ಸಾರ. ಅನಂತರ ಆತನು ಹಾಸಿಗೆ ಹಿಡಿದು ತಿಂಗಳುಗಟ್ಟಲೆ ಹೊರಗೆ ಬರಲಿಲ್ಲ. ಕಾರ್ಖಾನೆ ಕೆಲವೇ ತಿಂಗಳಲ್ಲಿ ಮತ್ತೆ ನಡೆಯಿತು. ಎಂಬತ್ತು ವರ್ಷಗಳ ತರುವಾಯ, ೨೦೦೧ರ ಅದೇ ಸೆಪ್ಟೆಂಬರ್ ೨೧ರಂದು, ತುಲೂಸಿನ ಕಾರ್ಖಾನೆಯಲ್ಲಿಯೂ ಅಮೋನಿಯಂ ನೈಟ್ರೇಟು ಸಿಡಿದು ಸುಮಾರು ಮೂವತ್ತು ಜನ ಸತ್ತರು. ಕಂಪನಿಗಳ ಜಮಾಖರ್ಚಿನಲ್ಲಿ ಇಂಥ ಬೆಳಿಗ್ಗೆಗೆ ಪ್ರತ್ಯೇಕ ಕಲಮು ಇರುವುದಿಲ್ಲ.

ಗೊಬ್ಬರದ ಲಾಭ ೧೯೨೦ರ ದಶಕದ ನಡುವಿನಲ್ಲಿ ಹೊಳೆಯಾಗಿ ಹರಿಯಿತು. ಆ ಹಣವನ್ನು ಎಲ್ಲಿ ಹೂಡಬೇಕು? ಚಿಲಿಯ ಪೆಟ್ಲುಪ್ಪು ಮುಗಿಯುವುದೆಂದು ಹೆದರಿದ್ದವರು ಈಗ ಭೂಮಿಯ ಎಣ್ಣೆ ಮುಗಿಯುವುದೆಂದು ಹೆದರುತ್ತಿದ್ದರು. ೧೯೨೬ರಲ್ಲಿ ಅಮೆರಿಕದ ಸರ್ಕಾರಿ ಮಂಡಲಿಯೊಂದು, ಆ ದೇಶದಲ್ಲಿ ಕಂಡುಬಂದಿರುವ ಎಣ್ಣೆಯ ನಿಕ್ಷೇಪ ಸುಮಾರು ಆರು ವರ್ಷಕ್ಕೆ ಸಾಕಾದೀತೆಂದು ವರದಿ ಮಾಡಿತು. ಮೋಟಾರುಗಳು ಮಾತ್ರ ದಿನದಿನಕ್ಕೆ ಹೆಚ್ಚುತ್ತಿದ್ದುವು. ಕಲ್ಲಿದ್ದಲಿಗೆ ಅಧಿಕ ಒತ್ತಡದಲ್ಲಿ ಜಲಜನಕವನ್ನು ಸೇರಿಸಿದರೆ ಎಣ್ಣೆಯಾಗುವುದೆಂದು ಫ್ರೀಡ್ರಿಕ್ ಬೆರ್ಗಿಯುಸ್ ಯುದ್ಧಕ್ಕೆ ಮುಂಚೆಯೇ ತೋರಿಸಿದ್ದನು. ಜಲಜನಕವನ್ನೂ ಒತ್ತಡವನ್ನೂ ಬಾಷನಿಗಿಂತ ಬಲ್ಲವರು ಯಾರಿದ್ದರು? ೧೯೨೫ರಲ್ಲಿ ಬೆರ್ಗಿಯುಸನ ಹಕ್ಕುಗಳನ್ನು ಕೊಂಡುಕೊಂಡರು. ಅದೇ ವರ್ಷದ ಡಿಸೆಂಬರಿನಲ್ಲಿ ಜರ್ಮನಿಯ ದೊಡ್ಡ ಬಣ್ಣದ ಕಂಪನಿಗಳು ಒಂದಾಗಿ ಐ.ಜಿ. ಫಾರ್ಬೆನ್ ಎಂಬ ಬೃಹತ್ ಸಂಸ್ಥೆಯಾದುವು. ಅದರ ಆಡಳಿತದ ಚುಕ್ಕಾಣಿ ಬಾಷನ ಕೈಗೆ ಬಂದಿತು. ಇಂಥ ಖರ್ಚನ್ನು ಹೊರುವುದಕ್ಕೆ ಅಂಥ ದೇಹವೇ ಬೇಕಾಗಿತ್ತು.

ಲಾಯ್ನದಲ್ಲಿ ೧೯೨೭ರ ಏಪ್ರಿಲಿನಲ್ಲಿ ಕಲ್ಲಿದ್ದಲಿನ ಪೆಟ್ರೋಲು ಹೊರಬಂದಿತು. ಪ್ರಯೋಗಶಾಲೆಯಲ್ಲಿ ಸರಾಗವಾಗಿದ್ದುದು ಕಾರ್ಖಾನೆಯಲ್ಲಿ ಹೆಜ್ಜೆಹೆಜ್ಜೆಗೂ ಎಡವಿತು. ಕೋಟಿಗಟ್ಟಲೆ ಮಾರ್ಕುಗಳು ಕರಗಿದುವು. ೧೯೨೯ರ ನವೆಂಬರಿನಲ್ಲಿ ಅಮೆರಿಕದ ಸ್ಟಾಂಡರ್ಡ್ ಆಯಿಲ್ ಕಂಪನಿಯು ಜರ್ಮನಿಯ ಹೊರಗಿನ ಹಕ್ಕುಗಳಿಗಾಗಿ ಸುಮಾರು ೩೫೦ ಲಕ್ಷ ಡಾಲರು ಬೆಲೆಯ ತನ್ನ ಷೇರುಗಳನ್ನು ಕೊಟ್ಟಿತು. ಜಗತ್ತಿನ ಅತಿ ದೊಡ್ಡ ಎಣ್ಣೆ ವ್ಯಾಪಾರಿಯೇ ಹೀಗೆ ಹೆದರಿ ಹಣ ಕೊಟ್ಟಾಗ ಬಾಷನ ಭವಿಷ್ಯವಾಣಿಗೆ ಇನ್ನಾವ ಸಾಕ್ಷಿ ಬೇಕು?

ಆದರೆ ಆ ಸಹಿಗೆ ಕೆಲವು ವಾರ ಮುಂಚೆ ನ್ಯೂಯಾರ್ಕಿನ ಷೇರುಪೇಟೆ ಕುಸಿದಿತ್ತು. ಸಹಿಯಾದ ಮರುವರ್ಷ, ೧೯೩೦ರ ಅಕ್ಟೋಬರಿನಲ್ಲಿ, ಪೂರ್ವ ಟೆಕ್ಸಾಸಿನಲ್ಲಿ ಎಣ್ಣೆಯ ಮಹಾಸಾಗರವೇ ಸಿಕ್ಕಿತು. ೧೯೩೧ರಲ್ಲಿ ಅಲ್ಲಿ ಪೀಪಾಯಿ ಎಣ್ಣೆ ಹತ್ತು ಸೆಂಟಿಗೂ ಇಳಿಯಿತು. ಲಾಯ್ನದ ಪೆಟ್ರೋಲಿಗೆ ತಗಲುತ್ತಿದ್ದ ವೆಚ್ಚ ಪೇಟೆಯ ಬೆಲೆಯ ಹಲವು ಪಟ್ಟು. ಇತ್ತ ಗೊಬ್ಬರದ ಗತಿಯೂ ಅದೇ. ಇಂಗ್ಲೆಂಡು, ಫ್ರಾನ್ಸು, ಅಮೆರಿಕಗಳೆಲ್ಲ ಅಮೋನಿಯದ ಕಾರ್ಖಾನೆಗಳನ್ನು ಕಟ್ಟಿಕೊಂಡಿದ್ದುವು. ಬೇಡಿಕೆಗಿಂತ ಉತ್ಪಾದನೆಯ ಶಕ್ತಿ ಬಹಳ ಮೀರಿತ್ತು. ಧಾನ್ಯಕ್ಕೆ ಬೆಲೆಯಿಲ್ಲದ ರೈತನು ಗೊಬ್ಬರ ಕೊಳ್ಳುವುದನ್ನು ನಿಲ್ಲಿಸಿದನು. ಪೆಟ್ಲುಪ್ಪನ್ನೇ ನಂಬಿದ್ದ ಚಿಲಿ ದೇಶವಂತೂ ದಿವಾಳಿಯಾಯಿತು. ಪೆಟ್ಲುಪ್ಪು ಮುಗಿಯಲಿಲ್ಲ, ಎಣ್ಣೆಯೂ ಮುಗಿಯಲಿಲ್ಲ. ಮುಗಿದುದು ಕೊಳ್ಳುವವರ ಹಣ. ತಜ್ಞರು ಕೊಟ್ಟ ಅಂಕಿಗಳಲ್ಲಿ ಮೋಸವೇನೂ ಇರಲಿಲ್ಲ. ಆದರೆ ಕಂಡಷ್ಟು ನಿಕ್ಷೇಪವನ್ನು ಎಣಿಸುವವರು ಕಾಣದ ನಿಕ್ಷೇಪವನ್ನು ಎಣಿಸಲಾರರು. ಬೆಲೆ ಏರಿದಾಗ ಎಷ್ಟು ಜನ ಹುಡುಕಲು ಹೊರಡುತ್ತಾರೆಂಬುದೂ ಅವರ ಲೆಕ್ಕಕ್ಕೆ ಬರುವುದಿಲ್ಲ.

೧೯೩೧ರಲ್ಲಿ ಬಾಷನಿಗೂ ಬೆರ್ಗಿಯುಸನಿಗೂ ಕೂಡಿ ನೊಬೆಲ್ ಬಹುಮಾನ ಬಂದಿತು. ಅಧಿಕ ಒತ್ತಡದ ವಿದ್ಯೆಗೆ ಸಂದ ಗೌರವವದು. ಅದೇ ಕಾಲದಲ್ಲಿ ಕಂಪನಿಯ ನಿರ್ದೇಶಕರು ಲಾಯ್ನದ ಪೆಟ್ರೋಲು ವಿಭಾಗವನ್ನು ಮುಚ್ಚಬೇಕೆ ಎಂದು ಚರ್ಚಿಸುತ್ತಿದ್ದರು. ಮುಚ್ಚುವುದರ ನಷ್ಟ ನಡೆಸುವುದರ ನಷ್ಟಕ್ಕಿಂತ ಕಡಿಮೆಯಾಗದೆಂದು ಲೆಕ್ಕ ಬಂದಿತು. ಹೊಲದಲ್ಲಿ ಬೆಳೆ ಹೋದರೆ ರೈತನು ಮುಂದಿನ ಮಳೆಗೆ ಕಾಯಬಹುದು. ಐನೂರು ಡಿಗ್ರಿಯ ಶಾಖದಲ್ಲಿ ಹಗಲಿರುಳೂ ಉರಿಯಬೇಕಾದ ಕಾರ್ಖಾನೆ ಕಾಯಲಾರದು. ನಿಂತರೂ ಅದು ಸಾಲದ ಬಡ್ಡಿಯನ್ನು ತಿನ್ನುತ್ತಲೇ ಇರುತ್ತದೆ. ಹಾಗಾದರೆ ಯಾವನಾದರೊಬ್ಬ ಗಿರಾಕಿ ಬೇಕು, ಯಾವನಾದರೂ ಸರಿ.

ಆ ಗಿರಾಕಿ ೧೯೩೩ರ ಜನವರಿಯಲ್ಲಿ ಅಧಿಕಾರಕ್ಕೆ ಬಂದನು. ಹಿಟ್ಲರನಿಗೆ ಯುದ್ಧ ಬೇಕಾಗಿತ್ತು. ಯುದ್ಧಕ್ಕೆ ದೇಶದೊಳಗಿನ ಪೆಟ್ರೋಲು ಬೇಕಾಗಿತ್ತು. ಫೆಬ್ರವರಿಯಲ್ಲಿ ಅವನ ಚುನಾವಣೆಯ ನಿಧಿಗೆ ಐ.ಜಿ. ಫಾರ್ಬೆನ್ ನಾಲ್ಕು ಲಕ್ಷ ಮಾರ್ಕು ಕೊಟ್ಟಿತು. ಡಿಸೆಂಬರ್ ೧೪ರಂದು ಪೆಟ್ರೋಲಿನ ಕರಾರಿಗೆ ಸಹಿಯಾಯಿತು. ಲಾಯ್ನದ ಉತ್ಪಾದನೆಯನ್ನು ವರ್ಷಕ್ಕೆ ಮೂರೂವರೆ ಲಕ್ಷ ಟನ್ನಿಗೆ ಏರಿಸುವುದು ಕಂಪನಿಯ ಹೊಣೆ. ತಗಲಿದ ವೆಚ್ಚವನ್ನೂ ಅದರ ಮೇಲೆ ಬಂಡವಾಳಕ್ಕೆ ನೂರಕ್ಕೆ ಐದರಂತೆ ಪ್ರತಿಫಲವನ್ನೂ ಹತ್ತು ವರ್ಷದವರೆಗೆ ಖಾತ್ರಿಯಾಗಿ ಕೊಡುವುದು ಸರ್ಕಾರದ ಹೊಣೆ. ಹಣ ಹೂಡುವವನ ದೃಷ್ಟಿಯಿಂದ ಇದಕ್ಕಿಂತ ನಿಶ್ಚಿಂತವಾದ ಕರಾರು ಇರಲಾರದು. ಓಸ್ಟ್‌ವಾಲ್ಡನ ಹೆಸರಿಗೆ ಬೆದರದೆ ಲೆಕ್ಕ ನೋಡಿದ ಬಾಷನು, ಈ ಗಿರಾಕಿ ಪೆಟ್ರೋಲನ್ನು ಏತಕ್ಕೆ ಕೊಳ್ಳುತ್ತಿದ್ದಾನೆಂಬ ಲೆಕ್ಕವನ್ನು ಮಾತ್ರ ನೋಡದೆ ಸಹಿ ಹಾಕಿದನು. ಅಥವಾ ನೋಡಿಯೂ ಹಾಕಿದನು. ಎರಡರಲ್ಲಿ ಯಾವುದೆಂದು ನಾನು ಬಹಳ ಯೋಚಿಸಿದ್ದೇನೆ. ಎರಡನೆಯದೆಂದೇ ನನಗೆ ತೋರುತ್ತದೆ.

ಏಕೆಂದರೆ ಬಾಷನು ನಾಜಿಗಳ ಮಿತ್ರನಾಗಿರಲಿಲ್ಲ. ಯೆಹೂದಿ ವಿಜ್ಞಾನಿಗಳನ್ನು ಹೊರಹಾಕಿದರೆ ಜರ್ಮನಿಯ ಭೌತ ಮತ್ತು ರಸಾಯನ ವಿಜ್ಞಾನಗಳು ನೂರು ವರ್ಷ ಹಿಂದೆ ಬೀಳುವುವೆಂದು ಆತನು ೧೯೩೩ರಲ್ಲಿ ಹಿಟ್ಲರನೆದುರಿನಲ್ಲಿಯೇ ಹೇಳಿದನಂತೆ; ಹಾಗಾದರೆ ನೂರು ವರ್ಷ ಅವಿಲ್ಲದೆಯೇ ನಡೆಸೋಣವೆಂದು ಹಿಟ್ಲರ್ ಗುಡುಗಿದನಂತೆ. ಅಂದಿನಿಂದ ಇಬ್ಬರೂ ಮತ್ತೆ ಭೇಟಿಯಾಗಲಿಲ್ಲ. ಹುಟ್ಟಿನಿಂದ ಯೆಹೂದಿಯಾದ ಹೇಬರ್ ಹುದ್ದೆ ಬಿಟ್ಟು ದೇಶಾಂತರ ಹೋಗಿ ೧೯೩೪ರ ಜನವರಿಯಲ್ಲಿ ಬಾಸೆಲ್ಲಿನಲ್ಲಿ ತೀರಿಕೊಂಡನು. ಮರುವರ್ಷ ಮ್ಯಾಕ್ಸ್ ಪ್ಲಾಂಕ್ ಬರ್ಲಿನ್ನಿನಲ್ಲಿ ಏರ್ಪಡಿಸಿದ ಸ್ಮರಣಸಭೆಗೆ ಸರ್ಕಾರಿ ನೌಕರರು ಹೋಗಕೂಡದೆಂದು ಆಜ್ಞೆಯಾಯಿತು. ಬಾಷ್ ಹೋದನು, ತನ್ನ ಕಂಪನಿಯವರನ್ನೂ ಕರೆದುಕೊಂಡು ಹೋದನು. ಆದರೆ ೧೯೩೮ರ ವೇಳೆಗೆ ಅದೇ ಕಂಪನಿಯ ಯೆಹೂದಿ ನಿರ್ದೇಶಕರೆಲ್ಲರೂ ಹೊರಗಾಗಿದ್ದರು. ಸಭೆಗೆ ಹೋಗುವ ಧೈರ್ಯವಿದ್ದವನಿಗೆ ಕರಾರನ್ನು ಹರಿಯುವ ಧೈರ್ಯ ಬರಲಿಲ್ಲ. ಬಂದಿದ್ದರೂ, ಲಾಯ್ನವನ್ನು ಹೊರುವ ಬೇರೊಬ್ಬ ಗಿರಾಕಿ ಎಲ್ಲಿದ್ದನು?

೧೯೩೫ರಲ್ಲಿ ಬಾಷನು ದಿನದಿನದ ಆಡಳಿತದಿಂದ ಸರಿದು ಮೇಲ್ವಿಚಾರಣಾ ಮಂಡಲಿಯ ಅಧ್ಯಕ್ಷನಾದನು. ೧೯೩೭ರಲ್ಲಿ ಪ್ಲಾಂಕನ ತರುವಾಯ ಕೈಸರ್ ವಿಲ್ಹೆಲ್ಮ್ ಸಂಸ್ಥೆಯ ಅಧ್ಯಕ್ಷನೂ ಆದನು. ಹೊರಗೆ ಪದವಿಗಳು, ಒಳಗೆ ಕತ್ತಲೆ. ಹೈಡೆಲ್‌ಬರ್ಗಿನ ಮನೆಯಲ್ಲಿ ಆತನು ತನ್ನದೇ ದೂರದರ್ಶಕದಿಂದ ನಕ್ಷತ್ರಗಳನ್ನು ನೋಡುತ್ತಿದ್ದನು. ಜೀರುಂಡೆಗಳನ್ನೂ ಚಿಟ್ಟೆಗಳನ್ನೂ ಖನಿಜಗಳನ್ನೂ ಸಾವಿರಗಟ್ಟಲೆ ಕೂಡಿಹಾಕಿದ್ದನು. ಮದ್ಯದ ಮೊರೆಹೊಕ್ಕನು. ೧೯೩೯ರ ಮೇ ತಿಂಗಳಲ್ಲಿ ಮ್ಯೂನಿಕ್ಕಿನ ವಸ್ತುಸಂಗ್ರಹಾಲಯದ ಸಭೆಯಲ್ಲಿ, ಸ್ವಾತಂತ್ರ್ಯವಿಲ್ಲದೆ ವಿಜ್ಞಾನ ಬಾಳದೆಂಬ ಮಾತನ್ನು ಪಕ್ಷದ ಮುಖಂಡರ ಮುಂದೆಯೇ ಆಡಿ ಅವರ ಕೋಪಕ್ಕೆ ತುತ್ತಾದನು. ೧೯೪೦ರ ಏಪ್ರಿಲ್ ೨೬ರಂದು ತನ್ನ ಅರವತ್ತೈದನೆಯ ವಯಸ್ಸಿನಲ್ಲಿ ಹೈಡೆಲ್‌ಬರ್ಗಿನಲ್ಲಿ ಮಡಿದನು. ಈ ಯುದ್ಧ ಜರ್ಮನಿಯನ್ನೂ ತನ್ನ ಕಾರ್ಖಾನೆಗಳನ್ನೂ ನಾಶಮಾಡುವುದೆಂದು ಸಾಯುವ ಮುಂಚೆ ವೈದ್ಯ��ಿಗೆ ಹೇಳಿದನೆಂದು ಪ್ರತೀತಿ.

ಈ ಸಲದ ಭವಿಷ್ಯ ತಪ್ಪಲಿಲ್ಲ. ೧೯೪೪ರ ಮೇ ೧೨ರಿಂದ ಲಾಯ್ನದ ಮೇಲೆ ಬಾಂಬಿನ ಮಳೆ ಸುರಿಯಿತು. ಅಷ್ಟರಲ್ಲಿ ಐ.ಜಿ. ಫಾರ್ಬೆನ್ ಆಷ್‌ವಿಟ್ಸಿನ ಬಳಿಯ ಮೊನೊವಿಟ್ಸಿನಲ್ಲಿ ಕೃತಕ ರಬ್ಬರಿಗೂ ಎಣ್ಣೆಗೂ ಕಾರ್ಖಾನೆ ಕಟ್ಟಲು ಸೆರೆಯಾಳುಗಳನ್ನು ದುಡಿಸಿತ್ತು. ಸಾವಿರಾರು ಜನ ಅಲ್ಲಿ ಸತ್ತರು. ೧೯೪೮ರಲ್ಲಿ ನ್ಯೂರೆಂಬರ್ಗಿನ ನ್ಯಾಯಾಲಯ ಕಂಪನಿಯ ಹದಿಮೂರು ಮಂದಿ ಅಧಿಕಾರಿಗಳಿಗೆ ಶಿಕ್ಷೆ ವಿಧಿಸಿತು. ಲಾಯ್ನವನ್ನು ಕಟ್ಟಿ ನಿಲ್ಲಿಸಿದ, ಬಾಷನ ಕೈಯಲ್ಲಿ ಪಳಗಿದ ಕಾರ್ಲ್ ಕ್ರೌಖ್ ಅವರಲ್ಲೊಬ್ಬ. ಇದೆಲ್ಲ ಬಾಷ್ ಸತ್ತ ಮೇಲಿನ ಮಾತು ನಿಜ. ಆದರೆ ೧೯೩೩ರ ಸಹಿಯ ಮಸಿ ಅಲ್ಲಿಯವರೆಗೂ ಹರಿಯಿತು.

ಸರ್ಕಾರವನ್ನು ನಂಬಿ ಗೊಬ್ಬರ ಮಾಡುವುದೇ ಪಾಪವೆಂದು ಇದರಿಂದ ತೀರ್ಮಾನಿಸಬೇಕಾಗಿಲ್ಲ. ನಮ್ಮ ದೇಶದಲ್ಲಿಯೇ ೧೯೭೭ರ ನವೆಂಬರಿನಿಂದ, ಗೊಬ್ಬರದ ಕಾರ್ಖಾನೆಗಳಿಗೆ ತಗಲಿದ ವೆಚ್ಚವನ್ನೂ ಬಂಡವಾಳದ ಮೇಲೆ ತೆರಿಗೆ ಕಳೆದು ನೂರಕ್ಕೆ ಹನ್ನೆರಡರ ಪ್ರತಿಫಲವನ್ನೂ ಖಾತ್ರಿ ಮಾಡುವ ಪದ್ಧತಿ ಬಂದಿತು. ಲೆಕ್ಕದ ಬಗೆಯಲ್ಲಿ ಅದು ಲಾಯ್ನದ ಕರಾರಿನ ದೂರದ ಸೋದರ. ಆದರೆ ಇಲ್ಲಿ ಗಿರಾಕಿಯ ಹಿಂದೆ ನಿಂತಿದ್ದವನು ಭತ್ತ, ಗೋಧಿ ಬೆಳೆಯುವ ರೈತ. ಕ್ಷಾಮವನ್ನು ದೂರವಿಟ್ಟ ಪುಣ್ಯದಲ್ಲಿ ಆ ಪದ್ಧತಿಗೂ ಪಾಲುಂಟು. ೨೦೦೩ರಲ್ಲಿ ಅದರ ಸ್ಥಾನಕ್ಕೆ ಬೇರೊಂದು ಬಂದರೂ ಯೂರಿಯದ ಬೆಲೆಯನ್ನು ಸರ್ಕಾರವೇ ಗೊತ್ತುಮಾಡುವುದು ತಪ್ಪಲಿಲ್ಲ. ನಮ್ಮ ಮಂಗಳೂರಿನ ಪಣಂಬೂರಿನ ಕಾರ್ಖಾನೆ ದಶಕಗಳ ಕಾಲ ನಾಫ್ತಾ ಎಂಬ ಎಣ್ಣೆಯಿಂದ ಜಲಜನಕ ತೆಗೆದು, ೨೦೨೧ರಲ್ಲಿ ಉದ್ಘಾಟನೆಯಾದ ಕೊಚ್ಚಿ–ಮಂಗಳೂರು ಕೊಳವೆ ಬಂದ ಬಳಿಕ ಅನಿಲಕ್ಕೆ ಹೊರಳಿತು. ಬಾಷನ ಹಳೆಯ ಸೂತ್ರವೇ ಅಲ್ಲಿಯೂ ಆಳುತ್ತಿದೆ. ಆ ಸೂತ್ರದ ತವರುಮನೆಯಾದ ಲೂಡ್ವಿಗ್ಸ್‌ಹಾಫೆನ್ನಿನಲ್ಲಿ, ರಷ್ಯದ ಅನಿಲ ನಿಂತು ಬೆಲೆ ಏರಿದ ತರುವಾಯ, ತನ್ನ ಎರಡು ಅಮೋನಿಯ ಘಟಕಗಳಲ್ಲಿ ಒಂದನ್ನು ಮುಚ್ಚುವುದಾಗಿ ೨೦೨೩ರ ಫೆಬ್ರವರಿಯಲ್ಲಿ ಬಿ.ಎ.ಎಸ್.ಎಫ್. ಸಾರಿತು. ಲಾಯ್ನದ ಕಾಲದಲ್ಲಿ ಕೊಳ್ಳುವವನಿರಲಿಲ್ಲ; ಈಗ ಅಗ್ಗದ ಅನಿಲ ಕೊಡುವವನಿಲ್ಲ.

ಇಂದು ಜಗತ್ತಿನ ಜನರಲ್ಲಿ ಸುಮಾರು ಅರ್ಧದಷ್ಟು ಮಂದಿಯ ಅನ್ನಕ್ಕೆ ಬಾಷನ ಕೊಳವೆಗಳಿಂದ ಬಂದ ಸಾರಜನಕವೇ ಆಧಾರವೆಂದು ಬಲ್ಲವರ ಅಂದಾಜು. ಇಷ್ಟು ಜನರಿಗೆ ಉಣಬಡಿಸಿದವನನ್ನು ಹಗುರವಾಗಿ ತೂಗುವ ಹಕ್ಕು ನನಗಿಲ್ಲ. ಆದರೂ ಈ ಉದ್ಯಮದಲ್ಲಿ ಹಣ ಹೂಡುವವರಿಗೂ, ಇದರಲ್ಲಿ ವಿದ್ಯೆಯನ್ನು ಹೂಡಲು ಹೊರಟ ನಮ್ಮ ತರುಣರಿಗೂ ಆತನ ಬಾಳು ಹೇಳುವ ಮಾತು ಒಂದಿದೆ. ಕಚ್ಚಾ ಪದಾರ್ಥದ ಬೆಲೆಯನ್ನು ಊಹಿಸುವವರು ಎಷ್ಟು ಜಾಣರಾದರೂ ಎಡವುತ್ತಾರೆ. ಎಡವಿದ ದಿನ, ನಿಲ್ಲಿಸಲಾಗದ ಕಾರ್ಖಾನೆ ಸಿಕ್ಕ ಗಿರಾಕಿಯ ಕೈಹಿಡಿಯುತ್ತದೆ. ಆದ್ದರಿಂದ ಆ ಗಿರಾಕಿ ಯಾರಾಗಿರಬಹುದು, ಸರಕನ್ನು ಏತಕ್ಕೆ ಒಯ್ಯುತ್ತಾನೆ ಎಂಬುದನ್ನು ಬುನಾದಿ ತೋಡುವ ಮೊದಲೇ ಕೇಳಬೇಕು. ಬಾಷನು ಅದನ್ನು ಕೇಳಿಕೊಳ್ಳುವ ಹೊತ್ತಿಗೆ ಕಾರ್ಖಾನೆ ಎದ್ದು ನಿಂತಾಗಿತ್ತು.